ಗೋಕರ್ಣದ ಕಡಲ ದಾರಿಯಲ್ಲಿ ಒಂದು ದಿನ: ಕೆರೆ ಕಂಡವರು ಸಮುದ್ರದ ಬಗ್ಗೆ ತಿಳಿದಿರಬೇಕಾದ್ದು

ಕೋಲಾರ: ಧರ್ಮಸ್ಥಳ, ಕುಕ್ಕೆ, ಕೊಲ್ಲೂರು, ಮುರುಡೇಶ್ವರ, ಕೊನೆಗೆ ಗೋಕರ್ಣ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದಿಂದ ರಾತ್ರಿ ಹೊರಡುವ ಟಿ.ಟಿ. ವಾಹನಗಳ ರೂಟು ಹೆಚ್ಚುಕಮ್ಮಿ ಇದೇ. ದರ್ಶನ ಮುಗಿಸಿ ಸಮುದ್ರದಲ್ಲಿ ಕಾಲು ನೆನೆಸಿ ಬರೋದು ಹಳೇ ಪದ್ಧತಿ. ಈಗ ಗೋಕರ್ಣದಲ್ಲಿ ಒಂದು ದಿನ ಹೆಚ್ಚಿಗೆ ಉಳಿದು, ಬೀಚಿನಿಂದ ಬೀಚಿಗೆ ಗುಡ್ಡ ಹತ್ತಿಳಿದು ನಡೆಯುವವರೂ ಇದ್ದಾರೆ. ಅದರಲ್ಲೂ ಊರಿಗೆ ನೆಂಟರು ಬಂದಾಗ, ಹೊರ ರಾಜ್ಯದ ಗೆಳೆಯರು ಬಂದಾಗ ‘ನಮ್ಮ ಕರ್ನಾಟಕದ ಕಡಲು ತೋರಿಸೋಣ’ ಅಂತ ಕರೆದುಕೊಂಡು ಹೋಗೋದುಂಟು.

ದಾರಿ ನಿಜಕ್ಕೂ ಚೆಂದ. ಆದರೆ ನಮ್ಮ ಜಿಲ್ಲೆಯವರು ಮರೆಯಬಾರದ ಒಂದು ದಿನವೂ ಇದೆ. 2024ರ ಡಿಸೆಂಬರ್ 10ರಂದು ಶಾಲಾ ಪ್ರವಾಸಕ್ಕೆ ಹೋಗಿದ್ದ ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯೊಂದರ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲಲ್ಲಿ ಮುಳುಗಿ ತೀರಿಕೊಂಡರು. ಕೆರೆ, ಕುಂಟೆ, ಬಾವಿ ನೋಡಿ ಬೆಳೆದವರಿಗೆ ಸಮುದ್ರದ ನೀರು ಹೇಗೆ ಕೆಲಸ ಮಾಡುತ್ತೆ ಅನ್ನೋದು ಯಾರೂ ಹೇಳಿಕೊಟ್ಟಿರುವುದಿಲ್ಲ. ಹಾಗಾಗಿ ದಾರಿಯ ವಿವರದ ಜೊತೆಗೆ ನೀರಿನ ವಿವರವೂ ಇಲ್ಲಿದೆ.

ದಾರಿ ಯಾವುದು?

ಗೋಕರ್ಣ ಪೇಟೆಯ ಮುಖ್ಯ ಕಡಲತೀರದಿಂದ ದಕ್ಷಿಣಕ್ಕೆ ಒಂದರ ಹಿಂದೊಂದು ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್ ಬೀಚುಗಳಿವೆ. ಅದಕ್ಕೂ ಆಚೆ ಬೆಲೆಕಾನ. ಪ್ರತಿ ಎರಡು ಬೀಚಿನ ನಡುವೆ ಸಮುದ್ರದೊಳಕ್ಕೆ ಚಾಚಿಕೊಂಡ ಗುಡ್ಡವೊಂದಿದೆ. ಮರಳಿನ ಮೇಲೆ ನಡೆ, ಗುಡ್ಡ ಹತ್ತು, ಇಳಿ, ಮತ್ತೆ ಮರಳು. ದಿನವಿಡೀ ಇದೇ ಲೆಕ್ಕ.

ಪೇಟೆಯಿಂದ ಕುಡ್ಲೆಗೆ ಅರ್ಧ ಗಂಟೆ, ಕುಡ್ಲೆಯಿಂದ ಓಂ ಬೀಚಿಗೆ ಅರ್ಧ ಗಂಟೆ ಹಿಡಿಯಬಹುದು. ಓಂ ಬೀಚಿನ ಎರಡು ಬಾಗುಗಳು ಗುಡ್ಡದ ಮೇಲಿಂದ ನೋಡಿದರೆ ಓಂಕಾರದ ಹಾಗೆ ಕಾಣುತ್ತವೆ, ಹೆಸರು ಬಂದಿದ್ದೂ ಅದರಿಂದಲೇ. ಇಲ್ಲಿಯವರೆಗೆ ಆಟೋ ಬರುತ್ತೆ. ಮಂಡಿ ನೋವಿರುವ ಹಿರಿಯರನ್ನು ಕರೆತಂದವರು ಇಲ್ಲಿಗೇ ನಿಲ್ಲಿಸೋದು ಒಳ್ಳೇದು.

ಓಂ ಬೀಚು ದಾಟಿದ ಮೇಲೆ ದಾರಿ ಬದಲಾಗುತ್ತೆ. ಹಾಫ್ ಮೂನ್‌ಗೆ ಹೋಗುವ ಕಾಲುದಾರಿ ಕಡಲಿನ ಅಂಚಿಗೇ ಅಂಟಿಕೊಂಡಿದೆ. ಅಲ್ಲಿಂದ ಪ್ಯಾರಡೈಸ್‌ಗೆ ಬಂಡೆಗಳ ಮೇಲೆ ಕೈಯೂರಿ ಇಳಿಯುವ ಜಾಗಗಳಿವೆ. ಈ ಎರಡು ಬೀಚಿಗೂ ವಾಹನದ ರಸ್ತೆ ಇಲ್ಲ. ಕಾಲು ಉಳುಕಿದರೆ ಹೊತ್ತು ತರಬೇಕು, ಇಲ್ಲವೇ ದೋಣಿಗೆ ಕಾಯಬೇಕು. ಮಳೆಗಾಲದಲ್ಲಿ ದೋಣಿಯೂ ಇರೋದಿಲ್ಲ.

ಇಲ್ಲಿನ ಗುಡ್ಡ ನಮ್ಮ ಅಂತರಗಂಗೆ, ತೇರಹಳ್ಳಿ ಬೆಟ್ಟದಂತಲ್ಲ. ನಮ್ಮದು ಗಟ್ಟಿ ಗ್ರಾನೈಟ್ ಬಂಡೆ, ಒಣಗಿದ್ದರೆ ಕಾಲು ಕಚ್ಚಿ ನಿಲ್ಲುತ್ತೆ. ಅಲ್ಲಿ ಮೇಲ್ಗಡೆ ತೂತುತೂತಾದ ಕೆಂಪು ಜಂಬಿಟ್ಟಿಗೆ ಕಲ್ಲು, ಪುಡಿಪುಡಿಯಾಗಿ ಜಾರುತ್ತೆ. ಕೆಳಗಡೆ ಅಲೆ ಬಡಿಯುವ ಕಪ್ಪು ಬಂಡೆಗಳ ಮೇಲೆ ಪಾಚಿ. ಹವಾಯಿ ಚಪ್ಪಲಿ ಸಾಲದು, ಹಿಡಿತ ಇರುವ ಶೂ ಬೇಕು. ಒಂದು ಸುಲಭ ಪರೀಕ್ಷೆ: ಕರೆದುಕೊಂಡು ಹೋಗುವವರು ಅಂತರಗಂಗೆಯ ಮೆಟ್ಟಿಲು ಹತ್ತಿ, ಬಂಡೆಗಳ ನಡುವಿನ ದಾರಿಯಲ್ಲಿ ತೇರಹಳ್ಳಿವರೆಗೆ ಹೋಗಿ ಇಳಿದು ಬರಬಲ್ಲರಾ? ಬಂದರೆ ಪ್ಯಾರಡೈಸ್‌ವರೆಗೆ ನಡೆಯಬಹುದು.

ಬಿಸಿಲಲ್ಲ, ಬೆವರು

ಕೋಲಾರದ ಬಿಸಿಲು ಒಣ ಬಿಸಿಲು. ಬೆವರು ಬಂದಿದ್ದು ಗೊತ್ತಾಗೋ ಮುಂಚೆ ಆರಿಹೋಗುತ್ತೆ, ಮೈ ತಣ್ಣಗಾಗುತ್ತೆ. ಕರಾವಳಿಯ ಗಾಳಿಯಲ್ಲಿ ಆಗಲೇ ತೇವ ತುಂಬಿರೋದರಿಂದ ಬೆವರು ಆರೋದೇ ಇಲ್ಲ. ಮೈಯ ಬಿಸಿ ಒಳಗೇ ಉಳಿಯುತ್ತೆ, ನೀರು ಮತ್ತು ಉಪ್ಪು ಮಾತ್ರ ಹೊರಗೆ ಹೋಗುತ್ತಿರುತ್ತೆ. ‘ನಮ್ಮೂರಿಗಿಂತ ಏನು ಮಹಾ ಬಿಸಿಲು’ ಅಂದುಕೊಂಡವರೇ ಮಧ್ಯಾಹ್ನದ ಹೊತ್ತಿಗೆ ತಲೆಸುತ್ತು, ಮೀನಖಂಡ ಸೆಳೆತ ಅಂತ ಕೂತುಬಿಡೋದು.

ಬೆಳಗ್ಗೆ ಏಳಕ್ಕೆಲ್ಲ ಹೊರಡಬೇಕು. ತಲೆಗೆ ಮೂರು ಲೀಟರ್ ನೀರು, ಉಪ್ಪು ಸಕ್ಕರೆ ಹಾಕಿದ ನಿಂಬೆಹಣ್ಣಿನ ಪಾನಕ, ತಲೆಗೆ ಟೋಪಿ ಅಥವಾ ಟವೆಲ್ ಇರಲಿ. ಓಂ ಬೀಚು ದಾಟಿದ ಮೇಲೆ ಅಂಗಡಿ ತೆರೆದಿರುತ್ತೆ ಅನ್ನೋ ನಂಬಿಕೆ ಬೇಡ. ಹಾಫ್ ಮೂನ್ ದಾಟಿದ ಮೇಲೆ ಫೋನ್ ಸಿಗ್ನಲ್ ನಂಬೋದೂ ಬೇಡ. ಪ್ಯಾರಡೈಸ್‌ನಿಂದ ಮಧ್ಯಾಹ್ನ ಮೂರೂವರೆಯೊಳಗೆ ವಾಪಸ್ ಹೊರಟರೆ ಬಂಡೆ ದಾರಿ ಬೆಳಕಿನಲ್ಲೇ ಮುಗಿಯುತ್ತೆ. ಸೂರ್ಯಾಸ್ತ ನೋಡಲೇಬೇಕೆಂದರೆ ಕುಡ್ಲೆಗೆ ಬಂದು ನೋಡಿ. ಅಲ್ಲಿಂದ ಪೇಟೆ ಹತ್ತಿರ.

ಸಮುದ್ರದಲ್ಲೂ ‘ಕೋಡಿ’ ಹರಿಯುತ್ತೆ

ಇನ್ನು ನೀರಿನ ವಿಷಯ. ಕೆರೆಯ ಅಪಾಯ ನಮಗೆ ಗೊತ್ತು. ಹೂಳಿನಲ್ಲಿ ಕಾಲು ಸಿಕ್ಕಿಕೊಳ್ಳೋದು, ಮಣ್ಣು ತೆಗೆದ ಗುಂಡಿ ಕಾಣದೇ ಇರೋದು. ಆದರೆ ಕೆರೆಯ ನೀರು ನಿಂತಲ್ಲೇ ಇರುತ್ತೆ, ಮನುಷ್ಯನನ್ನು ಎಳೆದುಕೊಂಡು ಹೋಗೋದಿಲ್ಲ. ಸಮುದ್ರ ಎಳೆಯುತ್ತೆ.

ಯಾಕೆ ಅನ್ನೋದನ್ನು ಕೆರೆಯ ಲೆಕ್ಕದಲ್ಲೇ ತಿಳಿಯಬಹುದು. ಕೆರೆ ತುಂಬಿದರೆ ನೀರು ಕಟ್ಟೆಯುದ್ದಕ್ಕೂ ಹೊರಗೆ ಹೋಗೋದಿಲ್ಲ, ಕೋಡಿ ಇರುವ ಒಂದೇ ಜಾಗಕ್ಕೆ ನುಗ್ಗುತ್ತೆ. ಕೋಡಿಯಲ್ಲಿ ನಿಂತವರ ಕಾಲು ನಿಲ್ಲೋದಿಲ್ಲ. ಕಡಲತೀರದಲ್ಲೂ ಅಲೆಗಳು ಒಂದರ ಮೇಲೊಂದು ನೀರನ್ನು ದಡಕ್ಕೆ ತಂದು ಸುರಿಯುತ್ತಲೇ ಇರುತ್ತವೆ. ಆ ನೀರು ಹೇಗಾದರೂ ವಾಪಸ್ ಹೋಗಬೇಕಲ್ಲ? ಮರಳಿನಲ್ಲಿ ತಗ್ಗು ಇರುವ ಕಡೆ, ಬಂಡೆಯ ಪಕ್ಕದ ಸಂದಿಯಲ್ಲಿ, ಕಿರಿದಾದ ಒಂದು ಹರಿವಾಗಿ ಒಳಕ್ಕೆ ಓಡುತ್ತೆ. ಇದನ್ನೇ ರಿಪ್ ಕರೆಂಟ್ ಅನ್ನೋದು. ಇದು ಜೋರಾದರೆ ಸೆಕೆಂಡಿಗೆ ಎರಡು ಮೀಟರ್‌ವರೆಗೂ ಓಡಬಹುದು. ಪಳಗಿದ ಈಜುಗಾರರಿಗೂ ಎದುರು ಈಜಲು ಆಗದ ವೇಗ ಅದು.

ಮೋಸ ಇರೋದು ನೋಟದಲ್ಲಿ. ಕೋಡಿ ಹರಿಯುವಾಗ ಸದ್ದು ಮಾಡುತ್ತೆ, ನೊರೆ ಕಾಣುತ್ತೆ. ರಿಪ್ ಇರುವ ಜಾಗ ತದ್ವಿರುದ್ಧ. ಅಕ್ಕಪಕ್ಕದಲ್ಲಿ ಅಲೆ ಒಡೆದು ಬಿಳಿ ನೊರೆ ಏಳುತ್ತಿದ್ದರೆ, ಅಲ್ಲಿ ಮಾತ್ರ ನೀರು ಸಮಾಧಾನವಾಗಿ, ಸ್ವಲ್ಪ ಕಪ್ಪಾಗಿ ಅಥವಾ ಮರಳು ಕದಡಿದ ಬಣ್ಣದಲ್ಲಿ ಕಾಣುತ್ತೆ. ‘ಇಲ್ಲಿ ಅಲೆ ಕಮ್ಮಿ, ಮಕ್ಕಳು ಇಲ್ಲೇ ಆಡ್ಲಿ’ ಅಂತ ಹೊಸಬರು ಆರಿಸಿಕೊಳ್ಳೋದು ಸರಿಯಾಗಿ ಆ ಜಾಗವನ್ನೇ.

ಸಿಕ್ಕಿಕೊಂಡರೆ ನೆನಪಿಡಬೇಕಾದ್ದು ಒಂದು ಮಾತು: ರಿಪ್ ಮನುಷ್ಯನನ್ನು ಕೆಳಕ್ಕೆ ಎಳೆಯೋದಿಲ್ಲ, ಒಳಕ್ಕೆ ಒಯ್ಯುತ್ತೆ. ದಡದ ಕಡೆ ನೇರವಾಗಿ ಈಜಲು ಹೋಗಿ ಸುಸ್ತಾದವರು ಮುಳುಗುತ್ತಾರೆ. ಈಜು ಬಂದರೆ ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಿ ಆ ಹರಿವಿನಿಂದ ಹೊರಬಿದ್ದು, ಆಮೇಲೆ ಅಲೆಯ ಜೊತೆ ದಡಕ್ಕೆ ಬರಬೇಕು. ಈಜು ಬಾರದಿದ್ದರೆ ಅಂಗಾತ ತೇಲಿ, ಒಂದು ಕೈ ಎತ್ತಿ ಸಹಾಯ ಕೇಳಬೇಕು. ಹೇಳಿದಷ್ಟು ಸುಲಭ ಅಲ್ಲ ಅದು. ಅದಕ್ಕೇ ಈಜು ಬಾರದವರು ಮೊಣಕಾಲು ನೀರಿಗಿಂತ ಮುಂದೆ ಹೋಗದಿರೋದೇ ಸರಿ.

ಅಮಾವಾಸ್ಯೆ ಲೆಕ್ಕ

ದಿನಕ್ಕೆ ಎರಡು ಸಲ ಸಮುದ್ರ ಏರುತ್ತೆ, ಎರಡು ಸಲ ಇಳಿಯುತ್ತೆ. ಇದೇ ಉಬ್ಬರ-ಇಳಿತ, ಕರಾವಳಿಯವರ ಬಾಯಲ್ಲಿ ಭರತ-ಇಳಿತ. ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತೆ. ಹಾಗಾಗಿ ಹೋದ ವಾರ ಹೋಗಿ ಬಂದವರು ಹೇಳಿದ ಸಮಯ ಈ ವಾರ ನಡೆಯೋದಿಲ್ಲ. ಇಳಿತದಲ್ಲಿ ಆರಾಮಾಗಿ ದಾಟಿದ ಬಂಡೆ, ವಾಪಸ್ ಬರುವಾಗ ಉಬ್ಬರದಲ್ಲಿ ಅಲೆಯ ಬಾಯಿಗೆ ಸಿಕ್ಕಿರಬಹುದು.

ಸೂರ್ಯ ಚಂದ್ರ ಎರಡೂ ಒಂದೇ ಸಾಲಿನಲ್ಲಿ ನಿಂತು ಎಳೆಯುವುದರಿಂದ ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಉಬ್ಬರ ಹೆಚ್ಚು. ಗೋಕರ್ಣಕ್ಕೆ ಪಿತೃಕಾರ್ಯಕ್ಕೆ ಹೋಗುವವರು ಹೆಚ್ಚಾಗಿ ಆರಿಸಿಕೊಳ್ಳೋದು ಅಮಾವಾಸ್ಯೆಯನ್ನೇ. ಕಾರ್ಯ ಮುಗಿಸಿ ಸಮುದ್ರಸ್ನಾನಕ್ಕೆ ಇಳಿಯುವ ಹಿರಿಯರ ಕೈ ಹಿಡಿದುಕೊಂಡೇ ನಿಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲು ನೋಡುವುದಕ್ಕಷ್ಟೇ. ಜೂನ್, ಜುಲೈಯಲ್ಲಿ ಯಾಂತ್ರೀಕೃತ ದೋಣಿಗಳಿಗೇ ಮೀನುಗಾರಿಕೆ ನಿಷೇಧ ಇರುತ್ತೆ. ಕಸುಬಿನವರೇ ಇಳಿಯದ ನೀರಿಗೆ ನೆಂಟರು ಇಳಿಯೋದು ಬೇಡ.

ಜೊತೆಗೆ ಬಂದವರ ಹೊಣೆ

ಅಂಗಡಿ ಇಟ್ಟವರಿಗೆ ರಜೆ ಸಿಗೋದು ಒಂದೆರಡು ದಿನ. ಶನಿವಾರ ರಾತ್ರಿ ಶಟರ್ ಎಳೆದು ಗಾಡಿ ಹತ್ತಿ, 550 ಕಿಲೋಮೀಟರ್ ಆಸುಪಾಸು ನಿದ್ದೆಗೆಟ್ಟು, ಇಳಿದ ತಕ್ಷಣ ನೀರಿಗೆ ಓಡೋದು ಸಾಮಾನ್ಯ. ನಿದ್ದೆ ಇಲ್ಲದ ಮೈ ಬೇಗ ಸೋಲುತ್ತೆ. ಬೆಂಗಳೂರಿನಿಂದ ಸಂಜೆ ಹೊರಡುವ ಕಾರವಾರದ ಪಂಚಗಂಗಾ ಎಕ್ಸ್‌ಪ್ರೆಸ್‌ನಲ್ಲಿ ಮಲಗಿಕೊಂಡು ಗೋಕರ್ಣ ರೋಡ್ ಸ್ಟೇಷನ್‌ನಲ್ಲಿ ಇಳಿಯುವುದು ಇದಕ್ಕಿಂತ ಮೇಲು. ಮದ್ಯ ಕುಡಿದವರನ್ನಂತೂ ನೀರಿನ ಹತ್ತಿರಕ್ಕೂ ಬಿಡಬೇಡಿ.

ಗುಂಪಿನಲ್ಲಿ ಒಬ್ಬರು ನೀರಿಗೆ ಇಳಿಯದೆ, ಫೋನು ನೋಡದೆ, ದಡದಲ್ಲಿ ತಲೆ ಎಣಿಸುತ್ತಾ ನಿಲ್ಲಬೇಕು. ಮುಳುಗುವವರು ಸಿನಿಮಾದಲ್ಲಿ ತೋರಿಸುವಂತೆ ಕೂಗೋದಿಲ್ಲ. ಬಾಯಿ ನೀರಿನ ಮಟ್ಟದಲ್ಲಿರುತ್ತೆ, ಸದ್ದೇ ಬರೋದಿಲ್ಲ. ಹೊರಗಿನಿಂದ ಆಟ ಆಡುತ್ತಿರುವಂತೆಯೇ ಕಾಣುತ್ತೆ.

ಒಬ್ಬರನ್ನು ಉಳಿಸಲು ಹೋಗಿ ಇಬ್ಬರು, ಮೂವರು ಹೋದ ಸುದ್ದಿ ಕೆರೆಯಲ್ಲೂ ಕಡಲಲ್ಲೂ ಮತ್ತೆ ಮತ್ತೆ ಬರುತ್ತೆ. ಹಾರಬೇಡಿ, ಎಸೆಯಿರಿ. ಬಿಗಿಯಾಗಿ ಮುಚ್ಚಳ ಹಾಕಿದ ಐದು ಲೀಟರ್ ಖಾಲಿ ಕ್ಯಾನಿಗೆ ಹಗ್ಗ ಕಟ್ಟಿ ಒಯ್ದರೆ ಅದೇ ತೇಲುವ ಆಸರೆ. ಬೀಚಿನಲ್ಲಿ ಜೀವರಕ್ಷಕ ಸಿಬ್ಬಂದಿ ಇದ್ದರೆ ಅವರ ಮಾತೇ ಕೊನೆ. ಕೆಂಪು ಬಾವುಟ ಕಂಡರೆ ವಾದ ಬೇಡ. ಹೊರಗೆ ತಂದವರು ಉಸಿರಾಡದಿದ್ದರೆ ಹೊಟ್ಟೆ ಒತ್ತಿ ನೀರು ಕಕ್ಕಿಸೋದು, ತಲೆಕೆಳಗು ಮಾಡೋದು ತಪ್ಪು. ಬಾಯಿಂದ ಬಾಯಿಗೆ ಉಸಿರು ಕೊಡುತ್ತಾ ಎದೆಯ ನಡುವೆ ಒತ್ತಬೇಕು. ಅದೇ ಹೊತ್ತಿಗೆ ಇನ್ನೊಬ್ಬರು ಫೋನ್ ಮಾಡಬೇಕು. ತುರ್ತು ಸಹಾಯಕ್ಕೆ 112, ಆಂಬುಲೆನ್ಸ್‌ಗೆ 108, ಕರಾವಳಿ ಕಾವಲು ಪೊಲೀಸರಿಗೆ 1093.

ನೀರಿಗೆ ಇಳಿಯದೆಯೂ ನೋಡುವುದಿದೆ

ಬೆಲೆಕಾನದಿಂದ ಸ್ವಲ್ಪ ಆಚೆಗೆ ತದಡಿ. ಅಘನಾಶಿನಿ ನದಿ ಸಮುದ್ರ ಸೇರುವುದು ಅಲ್ಲೇ. ಅಣೆಕಟ್ಟಿಲ್ಲದೆ ಹರಿಯುವ ಈ ನದಿಯ ಅಳಿವೆ ಪ್ರದೇಶಕ್ಕೆ 2024ರಲ್ಲಿ ರಾಮ್ಸಾರ್ ಮಾನ್ಯತೆ ಸಿಕ್ಕಿದೆ. ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳಲ್ಲಿ ಕಗ್ಗ ಎಂಬ ಭತ್ತ ಬೆಳೆಯುವುದು ಅಲ್ಲಿನ ವಿಶೇಷ. ಸಾವಿರ ಅಡಿಗೂ ಹೆಚ್ಚು ಆಳದ ಬೋರ್‌ವೆಲ್ ನೀರಿನಲ್ಲಿ ಬೆಳೆ ತೆಗೆಯುವ ನಮ್ಮ ರೈತರು ನೋಡಲೇಬೇಕಾದ ಬೇಸಾಯ. ಮೇ ತಿಂಗಳಲ್ಲಿ ಹೋದರೆ ಪಕ್ಕದ ಅಂಕೋಲಾದ ಕರಿ ಇಶಾಡ ಮಾವು ಸಿಗಬಹುದು. 2023ರಲ್ಲಿ ಜಿಐ ಟ್ಯಾಗ್ ಪಡೆದ ಹಣ್ಣು ಅದು. ಶ್ರೀನಿವಾಸಪುರದವರು ಬಾದಾಮಿ, ರಸಪುರಿ ಜೊತೆ ಹೋಲಿಸಿ ತೀರ್ಪು ಕೊಡಬಹುದು!

ಹೊರಡುವ ಮುನ್ನ ಇಷ್ಟು ನೋಡಿಕೊಳ್ಳಿ: ಆ ದಿನದ ಉಬ್ಬರ-ಇಳಿತದ ಸಮಯ, ಹವಾಮಾನ ಇಲಾಖೆ ಮತ್ತು ಇನ್‌ಕಾಯಿಸ್ ಸಂಸ್ಥೆಯ ದೊಡ್ಡ ಅಲೆಗಳ ಮುನ್ಸೂಚನೆ, ಬೀಚು ತೆರೆದಿದೆಯೇ ಎಂಬ ಮಾಹಿತಿ. ಶಾಲಾ ಪ್ರವಾಸಕ್ಕೆ ಮಕ್ಕಳನ್ನು ಕಳಿಸುವ ಪೋಷಕರು ಎರಡು ಪ್ರಶ್ನೆ ಕೇಳಲು ಹಿಂಜರಿಯಬಾರದು. ಕಡಲಿಗೆ ಎಷ್ಟು ಹೊತ್ತಿಗೆ ಕರೆದುಕೊಂಡು ಹೋಗ್ತೀರಿ? ದಡದಲ್ಲಿ ನಿಂತು ಎಣಿಸೋರು ಯಾರು? ಉತ್ತರ ಸಿಕ್ಕ ಮೇಲೇ ಸಹಿ ಹಾಕಿ.