ರೀಲು ಬದಲಾಗುವ ಹೊತ್ತು

ಹಗಲಲ್ಲಿ ಟೆಂಟು ನೋಡಿದರೆ ಅಯ್ಯೋ ಅನ್ನಿಸಬೇಕು. ಊರಾಚೆಯ ಬಯಲಲ್ಲಿ ನಾಲ್ಕು ಗಳ, ತೇಪೆ ಹಾಕಿದ ಡೇರೆ ಬಟ್ಟೆ, ತಗಡು ಹೊದಿಸಿದ ಮಿಷನ್ ರೂಮು, ಅದರ ನೆರಳಿಗೆ ಮಲಗಿದ ಒಂದು ನಾಯಿ. ತೂತುಗಳಲ್ಲಿ ಬಿಸಿಲು ಸುರಿಯುವುದರಿಂದ ಮ್ಯಾಟಿನಿ ಎಂಬುದೇ ಇಲ್ಲ, ಕತ್ತಲಾಗಲೇಬೇಕು. ಮಳೆಗಾಲದಲ್ಲಂತೂ ಡೇರೆಯೇ ಇರದು. 1970ರ ದಶಕದ ಮಂಡ್ಯ–ಮೈಸೂರು ಸೀಮೆಯ ಹಳ್ಳಿಗಳಲ್ಲಿ ಸಿನಿಮಾಕ್ಕೆ ಕಾಯುವುದೂ ಒಂದು ಬೇಸಾಯವೇ ಆಗಿತ್ತು.

‘ಬಂಗಾರದ ಮನುಷ್ಯ’ 1972ರಲ್ಲಿ ತೆರೆಕಂಡು ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಸುಮಾರು ಎರಡು ವರ್ಷ ಓಡಿತು. ಇಂಥ ಚಿತ್ರ ಮೊದಲು ಪಟ್ಟಣಕ್ಕೆ, ಆಮೇಲೆ ತಾಲ್ಲೂಕಿಗೆ, ಅಲ್ಲಿಯವರೆಲ್ಲ ನೋಡಿ ದಣಿದ ಮೇಲೆ ಟೆಂಟಿಗೆ. ಗೀರುಬಿದ್ದ, ಹರಿದಲ್ಲಿ ಅಂಟಿಸಿಕೊಂಡ ರೀಲುಗಳು ಡಬ್ಬಿಯೊಳಗೆ ಬಂದಿಳಿಯುವಷ್ಟರಲ್ಲಿ ಊರಿಗೆ ಹಾಡೆಲ್ಲ ಬಾಯಿಪಾಠ. ರೇಡಿಯೊ ಅಷ್ಟು ಕೇಳಿಸಿಬಿಟ್ಟಿರುತ್ತಿತ್ತು. ಹಾಡಿನ ಪುಸ್ತಕದಲ್ಲಿ ಕಥಾಸಾರವೂ ಇರುತ್ತಿತ್ತು. ಆದರೆ ಸರಿಯಾದ ಜಾಗದಲ್ಲೇ ನಿಲ್ಲಿಸಿ, ಮುಂದಿನದನ್ನು ಬೆಳ್ಳಿತೆರೆಯ ಮೇಲೆ ನೋಡಿ ಎಂದು ಕೈ ಎತ್ತಿಬಿಡುತ್ತಿತ್ತು. ಬರೆದ ಪುಣ್ಯಾತ್ಮ ವ್ಯಾಪಾರ ಬಲ್ಲವನು.

ಸಂಜೆ ಘಂಟಸಾಲರ ‘ನಮೋ ವೆಂಕಟೇಶ’ ಮೈಕಿನಲ್ಲಿ ಮೊಳಗಿತೆಂದರೆ ಟಿಕೆಟ್ಟು ಶುರು. ಪಕ್ಕದೂರಿನಲ್ಲೂ ಮುದ್ದೆ ತೊಳಸುವ ಕೈ ಚುರುಕಾಗುತ್ತದೆ.

ಒಳಗೆ ನೆಲ, ಬೆಂಚು, ಕುರ್ಚಿ. ರಂಗೆಲ್ಲ ನೆಲದ್ದೇ. ಮಕ್ಕಳು ಮರಳು ಗುಡ್ಡೆ ಮಾಡಿ ಸಿಂಹಾಸನ ಕಟ್ಟಿಕೊಳ್ಳುತ್ತಾರೆ, ಹಿಂದಿನವರು ಬೈದು ಕಾಲಲ್ಲಿ ಕೆಡವುತ್ತಾರೆ. ಧೂಮಪಾನ ನಿಷೇಧದ ಸ್ಲೈಡು ಬೀಡಿ ಹೊಗೆಯನ್ನು ಸೀಳಿಕೊಂಡೇ ತೆರೆ ಮುಟ್ಟುತ್ತದೆ.

ಇರುವುದು ಒಂದೇ ಪ್ರೊಜೆಕ್ಟರ್. ಸಾವಿರ ಅಡಿ ರೀಲು ಓಡುವುದು 11 ನಿಮಿಷ. ಎರಡನ್ನು ಜೋಡಿಸಿ ಸುತ್ತಿದರೂ 22 ನಿಮಿಷಕ್ಕೆ ಮುಗಿಯಿತು. ಪಟ್ಟಣದ ಥಿಯೇಟರಿನಲ್ಲಿ ಎರಡು ಯಂತ್ರ, ರೀಲು ಬದಲಾದದ್ದು ಗೊತ್ತೇ ಆಗುವುದಿಲ್ಲ. ಇಲ್ಲಿ ಮಾತಿನ ನಡುವೆಯೇ ತೆರೆ ಬೆಳ್ಳಗಾಗಿ ಬಲ್ಬು ಹೊತ್ತಿಕೊಳ್ಳುತ್ತದೆ. ಶಿಳ್ಳೆ, ಆಪರೇಟರನ ವಂಶಾವಳಿ, ಕಡಲೆಕಾಯಿ ಮಾರುವವನ ಕೂಗು. ಅದೆಲ್ಲ ತಣ್ಣಗಾದ ಮೇಲೆ ಶುರುವಾಗುವುದೇ ನಿಜವಾದ ಆಟ ಎಂದು ನನ್ನ ಎಣಿಕೆ. ‘ಬಂಗಾರದ ಮನುಷ್ಯ’ದ ನಾಯಕ ರಾಜೀವ ಹೀಗೇ ಸಹಿಸಿಕೊಂಡಿರಬೇಕೋ, ಎರಡು ಬಾರಿಸಬೇಕೋ? ‘ಅವನು ನಮ್ಮ ದೊಡ್ಡಪ್ಪನ ಹಾಗೆ, ತಿರುಗಿ ಹೇಳೋನಲ್ಲ’ ಎಂದು ಒಬ್ಬಾಕೆ. ‘ಅದಕ್ಕೇ ನಿಮ್ಮ ಗದ್ದೆ ಹೋಗಿದ್ದು’ ಎಂದು ಇನ್ನೊಬ್ಬಾಕೆ. ಮೈಸೂರಲ್ಲಿ ಮೊದಲೇ ನೋಡಿಬಂದವನೊಬ್ಬ ಇದ್ದೇ ಇರುತ್ತಾನೆ. ಕೊನೆ ಗೊತ್ತಿರುವ ಅವನ ನಗುವೇ ಸುತ್ತಲಿನವರಿಗೆ ಹಿಂಸೆ. ಬಾಯಿ ಬಿಟ್ಟೀಯ ಜೋಕೆ ಎಂದು ಅವನ ಬಾಯಿಗೆ ಕಡಲೆಕಾಯಿ ತುಂಬುತ್ತಾರೆ. ಅಷ್ಟರಲ್ಲಿ ದೀಪ ಆರುತ್ತದೆ. ತೀರ್ಪು ಮುಂದಿನ ರೀಲಿಗೆ.

ಸೊಳ್ಳೆ, ಕಾಲುಜೋಮು, ಗೊರಗೊರ ಸದ್ದು ಇವನ್ನು ಯಾರೂ ಬಯಸಿ ತಂದುಕೊಂಡದ್ದಲ್ಲ. ಬೇರೆ ದಾರಿ ಇದ್ದಿದ್ದರೆ ಊರೇ ಅತ್ತ ಓಡುತ್ತಿತ್ತು. ಟೀವಿ ಬಂದಾಗ ಓಡಿಯೂ ಓಡಿತು. ಈಗ ಅದೇ ಚಿತ್ರ ಫೋನಿನಲ್ಲಿದೆ, ಬೇಸರವಾದಲ್ಲಿ ಬೆರಳಿನಿಂದ ಹಾರಿಸಬಹುದು. ರಾಜೀವನ ಪರವಾಗಿ ಜಗಳಕ್ಕಿಳಿಯುವಷ್ಟು ಬಿಡುವನ್ನು ಮಾತ್ರ ಅದು ಕೊಡುವುದಿಲ್ಲ.

ಮಾರನೆಯ ಬೆಳಿಗ್ಗೆ, ಬಾಣಂತನ, ಕೂಸು, ಕಾಸಿಲ್ಲ ಅಂತ ಮನೆಯಲ್ಲೇ ಉಳಿದವರಿಗೆ ಬಾವಿಕಟ್ಟೆಯಲ್ಲಿ ಮೂರನೇ ಆಟ. ಹೇಳುವಾಕೆಗೆ ಅವಸರವಿಲ್ಲ. ಹಾಡು ಬಂದಲ್ಲಿ ಹಾಡುತ್ತಾಳೆ, ಅಳು ಬಂದಲ್ಲಿ ಸೆರಗು ಹಿಡಿಯುತ್ತಾಳೆ. ಪ್ರಿಂಟಿನಲ್ಲಿ ಹರಿದುಹೋಗಿದ್ದ ಸೀನುಗಳೂ ಅವಳ ಕಥೆಯಲ್ಲಿ ಇರುತ್ತವೆ.