ಜೌಗು ಮಣ್ಣು

ಜೌಗು ಮಣ್ಣು ಎಂದರೆ ನೀರು ಸರಾಗವಾಗಿ ಬಸಿದುಹೋಗದೆ, ವರ್ಷದಲ್ಲಿ ದೀರ್ಘಕಾಲ ತೇವದಿಂದ ತುಂಬಿರುವ ಮಣ್ಣು. ಕಣಗಳ ನಡುವಿನ ರಂಧ್ರಗಳಲ್ಲಿ ಗಾಳಿಯ ಬದಲು ನೀರು ನಿಲ್ಲುವುದರಿಂದ ಬೇರುಗಳಿಗೆ ಆಮ್ಲಜನಕದ ಕೊರತೆಯಾಗುತ್ತದೆ.

ಲಕ್ಷಣಗಳು

ಆಮ್ಲಜನಕವಿಲ್ಲದ ಸ್ಥಿತಿಯಲ್ಲಿ ಸೂಕ್ಷ್ಮಜೀವಿಗಳು ಮಣ್ಣಿನ ಕಬ್ಬಿಣವನ್ನು ಅಪಕರ್ಷಿಸುತ್ತವೆ. ಇದರಿಂದ ಕೆಂಪು, ಹಳದಿ ಬಣ್ಣ ಮಾಸಿ ಮಣ್ಣು ಬೂದು ಅಥವಾ ನೀಲಿಬೂದು ಬಣ್ಣಕ್ಕೆ ತಿರುಗುತ್ತದೆ. ನೀರಿನ ಮಟ್ಟ ಏರಿಳಿಯುವ ಪದರದಲ್ಲಿ, ಬೇರಿನ ಜಾಡುಗಳ ಸುತ್ತ ತುಕ್ಕಿನ ಬಣ್ಣದ ಮಚ್ಚೆಗಳು ಕಾಣುತ್ತವೆ. ಕೆಲವೆಡೆ ಅಗೆದಾಗ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ನೈಟ್ರೇಟ್ ಅನಿಲವಾಗಿ ಹೊರಹೋಗುವುದರಿಂದ ಹಾಕಿದ ಸಾರಜನಕ ಗೊಬ್ಬರದ ಒಂದು ಭಾಗ ವ್ಯರ್ಥವಾಗುತ್ತದೆ. ಕಾಂಡದ ಗಾಳಿನಾಳಗಳ ಮೂಲಕ ಬೇರಿಗೆ ಆಮ್ಲಜನಕ ಸಾಗಿಸಬಲ್ಲ ಭತ್ತ ಇಲ್ಲಿ ಬೆಳೆಯುತ್ತದೆ. ಮುಸುಕಿನ ಜೋಳ, ಹತ್ತಿ, ಅರಿಶಿನಗಳು ಸೊರಗುತ್ತವೆ.

ವರ್ಗೀಕರಣ

ಇಂತಹ ಮಣ್ಣಿಗೆ 'ಗ್ಲೇ' ಎಂಬ ಹೆಸರನ್ನು ರಷ್ಯನ್ ವಿಜ್ಞಾನಿ ಜಿ. ಎನ್. ವೈಸೊಟ್ಸ್ಕಿ 1905ರಲ್ಲಿ ಬಳಕೆಗೆ ತಂದರು. ಅಂತರ್ಜಲ ಕೆಳಗಿನಿಂದ ಏರಿ ಉಂಟಾದುದನ್ನು ಅಂತರ್ಜಲ ಗ್ಲೇ ಎಂದೂ, ಒಳಪದರದ ಗಟ್ಟಿ ಜೇಡಿಯಿಂದಾಗಿ ಮಳೆನೀರು ಮೇಲೆಯೇ ನಿಂತು ಉಂಟಾದುದನ್ನು ಮೇಲ್ನೀರಿನ ಗ್ಲೇ ಎಂದೂ ವಿಂಗಡಿಸಲಾಗುತ್ತದೆ. ಅಂತರರಾಷ್ಟ್ರೀಯ ಪದ್ಧತಿಯಲ್ಲಿ ಇವು ಕ್ರಮವಾಗಿ ಗ್ಲೇಸಾಲ್ ಮತ್ತು ಸ್ಟ್ಯಾಗ್ನೋಸಾಲ್ ವರ್ಗಗಳಿಗೆ ಹತ್ತಿರವಾಗಿವೆ. ಅಮೆರಿಕದ ಪದ್ಧತಿಯಲ್ಲಿ 'ಅಕ್ವ್' ಎಂಬ ಅಂಶವುಳ್ಳ ಉಪಗಣಗಳು (ಉದಾಹರಣೆಗೆ ಅಕ್ವೆಪ್ಟ್) ನೀರುತುಂಬಿದ ಮಣ್ಣನ್ನು ಸೂಚಿಸುತ್ತವೆ. ಭಾರತದಲ್ಲಿ 1991ರ ಮಾನದಂಡದಂತೆ ಅಂತರ್ಜಲ ಮಟ್ಟ ನೆಲದಿಂದ 2 ಮೀಟರ್ ಒಳಗಿದ್ದರೆ ಆ ಭೂಮಿ ಜೌಗು. 2ರಿಂದ 3 ಮೀಟರ್ ನಡುವೆ ಇದ್ದರೆ ಜೌಗಾಗುವ ಅಪಾಯವುಳ್ಳದ್ದು.

ಕಬಿನಿ ಅಚ್ಚುಕಟ್ಟಿನಲ್ಲಿ

ಹೆಗ್ಗಡದೇವನಕೋಟೆ ತಾಲ್ಲೂಕಿನ ಬೀಚನಹಳ್ಳಿಯಲ್ಲಿ 1974ರಲ್ಲಿ ಪೂರ್ಣಗೊಂಡ ಕಬಿನಿ ಜಲಾಶಯದ ನಾಲೆಗಳು ತಗಡೂರು ಇರುವ ನಂಜನಗೂಡು ತಾಲ್ಲೂಕಿಗೂ, ಕಬಿನಿ ಕಾವೇರಿಯನ್ನು ಸೇರುವ ತಿರುಮಕೂಡಲು ನರಸೀಪುರ ತಾಲ್ಲೂಕಿಗೂ ನೀರುಣಿಸುತ್ತವೆ. ನಾಲೆ ಬಂದ ಮೇಲೆ ಮಳೆಯಾಶ್ರಿತ ಹೊಲ ಗದ್ದೆಯಾಗುವುದು ಲಾಭವೇ. ಆದರೆ ನಾಲೆಯ ಜಿನುಗು ಮತ್ತು ಮೇಲಿನ ಗದ್ದೆಗಳ ಹೆಚ್ಚುವರಿ ನೀರು ತಗ್ಗಿನತ್ತ ಇಳಿಯುತ್ತವೆ. ಬಸಿಗಾಲುವೆ ಹೂಳಿದ್ದರೆ ಅಥವಾ ಒತ್ತುವರಿಯಾಗಿದ್ದರೆ ತಗ್ಗಿನ ಜಮೀನು ಜೌಗಾಗುತ್ತದೆ. ಹೀಗೆ ಮೇಲಿನವರು ಅತಿಯಾಗಿ ಹಾಯಿಸಿದ ನೀರಿನ ನಷ್ಟವನ್ನು ಕೆಳಗಿನ ರೈತರು ಭರಿಸಬೇಕಾಗುತ್ತದೆ.

ಚೌಳು ಮಣ್ಣಿನಿಂದ ವ್ಯತ್ಯಾಸ ಮತ್ತು ಸುಧಾರಣೆ

ಏರಿದ ಅಂತರ್ಜಲ ಆವಿಯಾಗುವಾಗ ಲವಣಗಳು ಮೇಲ್ಪದರದಲ್ಲಿ ಉಳಿದು ಭೂಮಿ ಚೌಳಾಗಬಹುದು. ಆದರೂ ಎರಡೂ ಒಂದೇ ಅಲ್ಲ. ರಸಸಾರ 8.5ಕ್ಕಿಂತ ಹೆಚ್ಚಿದ್ದು ಸೋಡಿಯಂ ತುಂಬಿದ ಕ್ಷಾರ ಮಣ್ಣಿಗೆ ಜಿಪ್ಸಂ ಪರಿಹಾರ. ಕೇವಲ ಜೌಗಾದ ಮಣ್ಣಿಗೆ ಜಿಪ್ಸಂ ಹಾಕಿದರೆ ಹಣ ವ್ಯರ್ಥ. ಅಲ್ಲಿ ಬಸಿಗಾಲುವೆ ತೆರೆಯುವುದು, ನೀರನ್ನು ಮಿತವಾಗಿ ಹಾಯಿಸುವುದು ಮತ್ತು ಏರುಮಡಿಗಳಲ್ಲಿ ಬೆಳೆಯುವುದು ಮುಖ್ಯ. ಆದ್ದರಿಂದ ಸುಧಾರಣೆಗೆ ಮೊದಲು ಗುಂಡಿ ತೆಗೆದು ಬಣ್ಣ, ಮಚ್ಚೆ ಮತ್ತು ನೀರಿನ ಮಟ್ಟವನ್ನು ನೋಡುವುದು, ಜೊತೆಗೆ ಮಣ್ಣು ಪರೀಕ್ಷೆ ಮಾಡಿಸುವುದು ಅಗತ್ಯ.