ನಾಯಿಗೆ ಪಾಠ ಹೇಳುವ ಕೆಲಸ

"ಎಂತ ಟೀಚರೇ, ನಾಯಿಗ್ ಪಾಠ ಹೇಳುಕೂ ದುಡ್ಡ್ ಕೊಡ್ತ್ರಾ?"

ನಮ್ಮ ಕಲಿಕಾ ಕೇಂದ್ರದಲ್ಲಿ ಒಂದು ಸಂಜೆ ಒಬ್ಬರು ಅಕ್ಕ ಹೀಗೆ ಕೇಳಿದರು. ಎಲ್ಲರೂ ನಕ್ಕರು. ನಾವೂ ನಕ್ಕೆವು. ಆಮೇಲೆ ಹೇಳಿದೆವು: ಹೌದು, ಕೊಡುತ್ತಾರೆ.

ಆ ಅಕ್ಕ ಸುಮ್ಮನೆ ಕೇಳಿದ್ದಲ್ಲ. ಅವರು ಕೆಲಸಕ್ಕೆ ಹೋಗುವ ಮನೆಯಲ್ಲಿ ಇರುವುದು ಅಜ್ಜ, ಅಜ್ಜಿ ಇಬ್ಬರೇ. ಮಕ್ಕಳು ಬೆಂಗಳೂರಿನಲ್ಲಿ ಹೋಟೆಲು ನಡೆಸುತ್ತಾರೆ. ಕಾವಲಿಗೆ ಇರಲಿ ಎಂದು ಮಕ್ಕಳು ಒಂದು ದೊಡ್ಡ ಜಾತಿಯ ನಾಯಿ ತಂದು ಬಿಟ್ಟು ಹೋದರು. ಅಜ್ಜನಿಗೆ ಅದನ್ನು ಹಿಡಿಯಲು ಆಗುವುದಿಲ್ಲ. ಹಗಲೆಲ್ಲ ಚೈನಿನಲ್ಲಿ ಕಟ್ಟಿ ಹಾಕುತ್ತಾರೆ. ಕಟ್ಟಿ ಕಟ್ಟಿ ಅದಕ್ಕೆ ಸಿಟ್ಟು. ಒಂದು ದಿನ ಅಕ್ಕನ ಕೈಗೇ ಕಚ್ಚಿತು.

"ಇಂಜೆಕ್ಷನ್ ಹಾಕಿಸಿದ ನಾಯಿ, ಹೆದರಬೇಡ" ಎಂದರು ಮನೆಯವರು. ಅಕ್ಕ ನಾಯಿಯ ಲಸಿಕೆ ಕಾರ್ಡು ಕೇಳಿ ಪಡೆದರು. ಅಕ್ಷರ ಅಕ್ಷರ ಕೂಡಿಸಿ ಓದಿದರು. ಮುಂದಿನ ಲಸಿಕೆಗೆ ಬರೆದಿದ್ದ ತಾರೀಕು ದಾಟಿ ಒಂದು ವರ್ಷವಾಗಿತ್ತು! ಅವತ್ತೇ ಆಸ್ಪತ್ರೆಗೆ ಹೋದರು. ಕಾರ್ಡು ಓದಲು ಬಾರದಿದ್ದರೆ ಏನಾಗುತ್ತಿತ್ತೋ.

ಇಂಥ ಮನೆಗಳು ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಎಷ್ಟಿವೆ ಎಂದು ನಿಮಗೇ ಗೊತ್ತು. ನಾಯಿ ಇದೆ, ನಾಯಿಗೆ ಹೇಳಿಕೊಡುವವರು ಇಲ್ಲ. ಈ ಕೆಲಸ ಇರುವುದು ಅಲ್ಲಿಯೇ.

ನಾಯಿ ಪಳಗಿಸುವುದು ನಮ್ಮ ನಾಡಿಗೆ ಹೊಸದಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಒಂದು ವೀರಗಲ್ಲು ಸಿಕ್ಕಿದೆ. ಅದು ಸುಮಾರು 950ನೇ ಇಸವಿಯದು. ಗಂಗರ ದೊರೆ ಬೂತುಗನ ಬಂಟ ಮಣಲೇರ. ಅವನ ಪರಾಕ್ರಮ ಮೆಚ್ಚಿ ಏನು ಬೇಕು ಎಂದು ಕೇಳಿದಾಗ ಅವನು ಹೊನ್ನು ಕೇಳಲಿಲ್ಲ. ಕಾಳಿ ಎಂಬ ನಾಯಿಯನ್ನು ಕೇಳಿದ. ಆ ಕಾಳಿ ದೊಡ್ಡ ಹಂದಿಯ ಮೇಲೆ ಬಿದ್ದು ಹೋರಾಡಿತು. ಹಂದಿಯೂ ಸತ್ತಿತು, ಕಾಳಿಯೂ ಸತ್ತಿತು. ಅದರ ನೆನಪಿಗೆ ಕಲ್ಲು ನಿಲ್ಲಿಸಿದರು. ಆ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತು ಸಂಗ್ರಹಾಲಯದಲ್ಲಿದೆ.

ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಯ ಹೆಸರು ಕೇಳಿರಬಹುದು. ತೆಳು ಮೈ, ಉದ್ದ ಕಾಲು, ಗಾಳಿಯಂತೆ ಓಟ. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರದ ಅಂಚೆ ಚೀಟಿ ತಂದಿತು. 2016ರಲ್ಲಿ ಸೈನ್ಯದವರು ಮುಧೋಳ ಮರಿಗಳನ್ನು ತರಬೇತಿಗೆಂದು ಮೀರತ್‌ಗೆ ಒಯ್ದರು. ನಮ್ಮ ಪೊಲೀಸರಲ್ಲಿಯೂ ಶ್ವಾನದಳ ಇದೆ. ದಾವಣಗೆರೆಯ ಪೊಲೀಸ್ ನಾಯಿ ತುಂಗಾ 2020ರಲ್ಲಿ ವಾಸನೆ ಹಿಡಿದು ಹತ್ತು ಕಿಲೋಮೀಟರಿಗೂ ಹೆಚ್ಚು ಓಡಿ ಕೊಲೆಯ ಆರೋಪಿಯ ಜಾಡು ತೋರಿಸಿತು. ನಾಯಿಯ ಹೆಸರು ಪತ್ರಿಕೆಯಲ್ಲಿ ದೊಡ್ಡದಾಗಿ ಬಂತು. ಅದಕ್ಕೆ ಕಲಿಸಿದವರ ಹೆಸರು ನೆನಪಿಟ್ಟವರು ಕಡಿಮೆ. ಟೀಚರುಗಳ ಪಾಡೂ ಅಷ್ಟೇ ಅನ್ನಿ.

2022ರಲ್ಲಿ ಬಂದ '777 ಚಾರ್ಲಿ' ಸಿನೆಮಾ ನಿಮ್ಮಲ್ಲಿ ಹಲವರು ಟಿ.ವಿ.ಯಲ್ಲಿ ನೋಡಿದ್ದೀರಿ. ನಾಯಕ ನಮ್ಮ ಉಡುಪಿಯ ರಕ್ಷಿತ್ ಶೆಟ್ಟಿ, ನಿರ್ದೇಶಕ ಕಾಸರಗೋಡಿನ ಕಿರಣ್‌ರಾಜ್. ಆ ನಾಯಿಗೆ ನಟನೆ ಬಂದದ್ದು ಹೇಗೆ? ಮೈಸೂರಿನ ಪ್ರಮೋದ್ ಎಂಬ ತರಬೇತುದಾರರು ಕಲಿಸಿದರು. ಒಂದು ದಿನದಲ್ಲಿ ಕಲಿತದ್ದಲ್ಲ. ಒಂದೊಂದು ಚಿಕ್ಕ ಕೆಲಸವನ್ನು ಬೇರೆ ಬೇರೆ ಕಲಿಸಿ, ಆಮೇಲೆ ಜೋಡಿಸುವುದು ಈ ವಿದ್ಯೆಯ ಕ್ರಮ. ನೀವು ಮೊದಲು ಅ, ರ, ಸ ಕಲಿತು ಆಮೇಲೆ 'ಅರಸ' ಓದಿದ ಹಾಗೆ.

"ಇದು ಗಂಡಸರ ಕೆಲಸ ಅಲ್ದಾ?" ಎಂದು ಕೇಳಬೇಡಿ. ಇಂಗ್ಲೆಂಡಿನ ಬಾರ್ಬರಾ ವುಡ್‌ಹೌಸ್ ಎಂಬ ಹೆಂಗಸು 1980ರಲ್ಲಿ ಟಿ.ವಿ.ಯಲ್ಲಿ ನಾಯಿ ಪಾಠ ಹೇಳಿ ಮನೆಮಾತಾದರು. ಅಮೆರಿಕದ ಕರೆನ್ ಪ್ರಯರ್ ಮೊದಲು ಸಮುದ್ರದ ಡಾಲ್ಫಿನ್‌ಗಳಿಗೆ ಕಲಿಸುತ್ತಿದ್ದರು. ನೀರಿನಲ್ಲಿರುವ ಡಾಲ್ಫಿನ್‌ಗೆ ಚೈನು ಹಾಕಿ ಎಳೆಯಲು ಆಗುತ್ತದೆಯೇ? ಕೋಲಿನಿಂದ ಹೊಡೆದರೆ ಈಜಿ ದೂರ ಹೋಗುತ್ತದೆ. ಆದ್ದರಿಂದ ಸೀಟಿ ಊದಿ, ಮೀನು ಕೊಟ್ಟು ಕಲಿಸಿದರು. ಅದೇ ರೀತಿಯನ್ನು ಆಮೇಲೆ ನಾಯಿಗೂ ತಂದರು.

ಕಲಿಸುವುದು ಹೇಗೆ?

ನಾಯಿ ಹಸಿದಿರುವಾಗ ಶುರು ಮಾಡಿ. ಬೇಯಿಸಿದ ಕೋಳಿಯ ಚೂರೋ ಮೊಟ್ಟೆಯ ಚೂರೋ ಕೈಯಲ್ಲಿ ಇರಲಿ. ಉಪ್ಪು ಮೀನು ಬೇಡ, ಮುಳ್ಳೂ ಬೇಡ. ಚೂರನ್ನು ನಾಯಿಯ ಮೂಗಿನ ಹತ್ತಿರ ಹಿಡಿದು ಮೆಲ್ಲಗೆ ತಲೆಯ ಮೇಲಿಂದ ಹಿಂದಕ್ಕೆ ಒಯ್ಯಿರಿ. ಮೂಗು ಮೇಲೆ ಹೋದ ಹಾಗೆ ಹಿಂಭಾಗ ತಾನಾಗಿ ಕೆಳಗೆ ಬರುತ್ತದೆ. ನೆಲಕ್ಕೆ ತಾಗಿದ ಕೂಡಲೆ "ಶಾಬಾಸ್" ಅನ್ನಿ, ಚೂರು ಕೊಡಿ. ಕೂಡಲೆ ಎಂದರೆ ಕೂಡಲೆ. ನೀವು ಚೂರು ಹುಡುಕುವಷ್ಟರಲ್ಲಿ ಅದು ಎದ್ದು ನಿಂತಿದ್ದರೆ, ಎದ್ದು ನಿಂತದ್ದಕ್ಕೇ ಬಹುಮಾನ ಸಿಕ್ಕಿತು ಎಂದು ತಿಳಿಯುತ್ತದೆ. ಐದಾರು ಸಲ ಸರಿಯಾಗಿ ಕೂತ ಮೇಲೆ "ಕೂಕೋ" ಎಂಬ ಮಾತು ಸೇರಿಸಿ. ಐದು ನಿಮಿಷ ಸಾಕು. ದಿನಕ್ಕೆ ಎರಡು ಮೂರು ಸಲ ಮಾಡಿ.

ನಾಯಿಗೆ ಇಂಗ್ಲಿಷೂ ಒಂದೇ, ಕುಂದಾಪುರದ ಕನ್ನಡವೂ ಒಂದೇ. ಆದರೆ ಮನೆಯವರೆಲ್ಲ ಒಂದೇ ಮಾತು ಹೇಳಬೇಕು. ಮೊಮ್ಮಗ "ಸಿಟ್", ಅಜ್ಜ "ಕೂತ್ಕೋ", ಅಜ್ಜಿ "ಕೂಕೋ ಮಾರಾಯ" ಎಂದರೆ ಪಾಪ, ಅದು ಯಾರ ಮಾತು ಕೇಳಬೇಕು? (ಮರ್ಯಾದೆ ಕೊಟ್ಟು "ಕೂಕಣಿ" ಎಂದರೂ ಅಡ್ಡಿಯಿಲ್ಲ, ದಿನಾ ಅದನ್ನೇ ಹೇಳಿ.)

ಹೊಡೆಯಬಾರದು. ನಮ್ಮ ಮನೆಯ ಕುನ್ನಿ ಚಪ್ಪಲಿ ಕಚ್ಚಿತೆಂದು ನಾವೇ ಒಮ್ಮೆ ಪೇಪರು ಸುತ್ತಿ ಹೊಡೆದಿದ್ದೆವು. ಅದು ಚಪ್ಪಲಿ ಕಚ್ಚುವುದು ಬಿಡಲಿಲ್ಲ. ನಮ್ಮ ಎದುರು ಕಚ್ಚುವುದು ಬಿಟ್ಟಿತು, ಅಷ್ಟೇ. ನಾವು ಕರೆದಾಗ ಬರುವುದನ್ನೂ ಬಿಟ್ಟಿತು. ಆ ಹೆದರಿಕೆ ಬಿಡಿಸಲು ನಮಗೆ ಮೂರು ತಿಂಗಳು ಬೇಕಾಯಿತು.

ಗುರುಗುಟ್ಟಿದ್ದಕ್ಕೂ ಗದರಿಸಬೇಡಿ. ಗುರುಗುಟ್ಟುವುದು ನಾಯಿಯ ಎಚ್ಚರಿಕೆ: "ಹತ್ತಿರ ಬರಬೇಡ, ನನಗೆ ಹೆದರಿಕೆ." ಅದನ್ನು ಹೊಡೆದು ನಿಲ್ಲಿಸಿದರೆ ಎಚ್ಚರಿಕೆ ಕೊಡದೆಯೇ ಕಚ್ಚುವ ನಾಯಿ ತಯಾರಾಗುತ್ತದೆ. ಬಾಲ ಅಲ್ಲಾಡಿಸಿದರೆ ಖುಷಿ ಎಂದು ನಾವೆಲ್ಲ ತಿಳಿದಿದ್ದೇವೆ. ಯಾವಾಗಲೂ ಹಾಗಲ್ಲ. ಮೈ ಸಡಿಲವಾಗಿ, ಬಾಲ ಅಗಲವಾಗಿ ಆಡಿದರೆ ಖುಷಿ. ಬಾಲ ಸೆಟೆದು ಮೇಲಕ್ಕೆ ನಿಂತು ತುದಿ ಮಾತ್ರ ನಡುಗುತ್ತಿದ್ದರೆ, ಮೈ ಕಲ್ಲಿನ ಹಾಗೆ ನಿಂತರೆ, ಹತ್ತಿರ ಹೋಗಬೇಡಿ. ನಿದ್ದೆ ಇಲ್ಲದೆ ಆಕಳಿಸುವುದು, ತಿನ್ನಲು ಏನೂ ಇಲ್ಲದಾಗ ತುಟಿ ನೆಕ್ಕುವುದು, ಇವೂ ಗಾಬರಿಯ ಗುರುತುಗಳು. ಈ ಗುರುತು ಓದುವುದೇ ಈ ಕೆಲಸದ ಅರ್ಧ ಭಾಗ.

ಮರಿಗಳಿಗೆ ಮೂರು ವಾರದಿಂದ ಮೂರು ತಿಂಗಳ ತನಕದ ಕಾಲ ಬಹಳ ಮುಖ್ಯ. ಆಗ ಕಂಡದ್ದು, ಕೇಳಿದ್ದು ಜೀವನವಿಡೀ ಉಳಿಯುತ್ತದೆ. ಮಕ್ಕಳು, ಛತ್ರಿ ಹಿಡಿದವರು, ಮೀನು ಮಾರುವ ಗಾಡಿಯ ಹಾರ್ನು, ಗರ್ನಾಲಿನ ಶಬ್ದ, ಎಲ್ಲವನ್ನೂ ದೂರದಿಂದ, ಮೆಲ್ಲಗೆ ಪರಿಚಯ ಮಾಡಿಸಬೇಕು. ಲಸಿಕೆ ಪೂರ್ತಿ ಆಗುವ ತನಕ ಮರಿಯನ್ನು ಎತ್ತಿಕೊಂಡೇ ತೋರಿಸಿ, ಬೀದಿಯಲ್ಲಿ ಬಿಡಬೇಡಿ.

ಶುರು ಮಾಡುವುದು ಹೇಗೆ?

ಮೊದಲು ಸ್ವಂತ ನಾಯಿಗೆ ಕಲಿಸಿ. ಕರೆದರೆ ಬರಬೇಕು, ಕೂರೆಂದರೆ ಕೂರಬೇಕು, ಹಗ್ಗ ಎಳೆಯದೆ ಜೊತೆಗೆ ನಡೆಯಬೇಕು. ಆಮೇಲೆ ನೆರೆಮನೆಯ ಒಂದೆರಡು ನಾಯಿಗಳಿಗೆ ದುಡ್ಡಿಲ್ಲದೆ ಕಲಿಸಿ. ಜನ ನೋಡಲಿ. ಕಚ್ಚುವ ನಾಯಿಯನ್ನು ಮೊದಲ ವರ್ಷ ಮುಟ್ಟಲೇಬೇಡಿ, ಎಷ್ಟು ಕೊಟ್ಟರೂ ಬೇಡ. ಅನುಭವ ಇರುವ ತರಬೇತುದಾರರ ಜೊತೆ ಸ್ವಲ್ಪ ದಿನ ಕೆಲಸ ಮಾಡಲು ಸಿಕ್ಕರೆ ಬಿಡಬೇಡಿ. ಪಶು ಆಸ್ಪತ್ರೆಯ ಡಾಕ್ಟರ ಪರಿಚಯ ಮಾಡಿಕೊಳ್ಳಿ. ನಾಯಿ ತರುವವರೆಲ್ಲ ಅಲ್ಲಿಗೇ ಬರುತ್ತಾರೆ.

ನಾಯಿಯನ್ನು ಮುಟ್ಟುವ ಕೆಲಸ ಎಂದ ಮೇಲೆ ಹುಚ್ಚುನಾಯಿ ರೋಗದ ಲಸಿಕೆಯನ್ನು ಮುಂಚೆಯೇ ಹಾಕಿಸಿಕೊಳ್ಳಬಹುದು. ಡಾಕ್ಟರರಲ್ಲಿ ಕೇಳಿ. ಕಚ್ಚಿದರೆ ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಅರಸಿನ, ಸುಣ್ಣ, ಮೆಣಸಿನ ಪುಡಿ ಯಾವುದೂ ಬೇಡ. ಅವತ್ತೇ ಆಸ್ಪತ್ರೆಗೆ ಹೋಗಿ. ಹಿಂದೆ ಹೊಟ್ಟೆಗೆ 14 ಇಂಜೆಕ್ಷನ್ ಕೊಡುತ್ತಿದ್ದರು. ಅದು ನಿಂತು ಬಹಳ ವರ್ಷವಾಯಿತು. ಈಗ ತೋಳಿಗೆ ಕೊಡುತ್ತಾರೆ, ಸಂಖ್ಯೆಯೂ ಕಡಿಮೆ. ಆದರೆ ಅವರು ಬರೆದುಕೊಟ್ಟ ತಾರೀಕುಗಳಲ್ಲಿ ಒಂದನ್ನೂ ತಪ್ಪಿಸಬಾರದು. ರೋಗದ ಲಕ್ಷಣ ಕಂಡ ಮೇಲೆ ಉಳಿಯುವುದು ಇಲ್ಲವೆಂದೇ ಹೇಳಬೇಕು.

ಸಂಬಳದ ಲೆಕ್ಕವನ್ನು ನೀವೇ ಹಾಕಿ. ಒಂದು ಮನೆಗೆ ವಾರಕ್ಕೆ 3 ಸಲ, 8 ವಾರ ಎಂದರೆ 24 ಸಲ. ಒಂದು ಸಲಕ್ಕೆ ಬಸ್ಸಿಗೆ 40 ರೂಪಾಯಿ ಹಿಡಿದರೆ ಬಸ್ಸಿಗೇ 960 ರೂಪಾಯಿ. ಅದನ್ನು ಬಿಟ್ಟು ಕೈಗೆ ಎಷ್ಟು ಉಳಿಯಬೇಕು ಎಂದು ನೋಡಿ ದರ ಹೇಳಿ. ಅರ್ಧ ಮೊದಲೇ ಪಡೆಯಿರಿ. ನಮ್ಮ ಹೆಂಗಸರು ದರ ಹೇಳಲು ನಾಚುತ್ತಾರೆ, "ನೀವೇ ಎಂತಾದ್ರೂ ಕೊಡಿ" ಅಂತಾರೆ. ಅದು ಬೇಡ. ಬ್ಯಾಂಕು, ಲೆಕ್ಕಪತ್ರ ಕಲಿಯಬೇಕಾದರೆ ಸ್ವಉದ್ಯೋಗ ತರಬೇತಿ ಕೊಡುವ ರುಡ್‌ಸೆಟ್ ಸಂಸ್ಥೆ ಬ್ರಹ್ಮಾವರದಲ್ಲಿಯೇ ಇದೆ. ಅಲ್ಲಿ ವಿಚಾರಿಸಿ. ಮರಿ ಹಾಕಿಸಿ ಮಾರುವುದು ಬೇರೆ ವ್ಯಾಪಾರ. ಅದಕ್ಕೆ 2017ರ ನಿಯಮದಂತೆ ನೋಂದಣಿ ಆಗಬೇಕು.

ಇನ್ನೊಂದು ಮಾತು. ನಾಯಿಯ ಪಾಠ ಅರ್ಧ, ಮನೆಯವರ ಪಾಠ ಅರ್ಧ. ನೀವು ಹೋದ ಮೇಲೆ ಅವರು ಮತ್ತೆ ಹಗಲಿಡೀ ಕಟ್ಟಿ ಹಾಕಿದರೆ ಕಲಿಸಿದ್ದು ನೀರುಪಾಲು. ರಾತ್ರಿ ಚಿರತೆ ಬರುವ ಊರುಗಳಲ್ಲಿ ನಾಯಿಯನ್ನು ಅಂಗಳದಲ್ಲಿ ಕಟ್ಟಬೇಡಿ, ಒಳಗೆ ಮಲಗಿಸಿ ಎಂದು ಅವರಿಗೆ ಹೇಳಬೇಕಾದವರೂ ನೀವೇ.

ಒಂದು ನೋಟ್‌ಬುಕ್ ಇಡಿ. ನಾಯಿಯ ಹೆಸರು, ಪ್ರಾಯ, ಮುಂಚೆ ಯಾರಿಗಾದರೂ ಕಚ್ಚಿದೆಯೇ, ಲಸಿಕೆಯ ತಾರೀಕು, ಇವತ್ತು ಏನು ಕಲಿಸಿದ್ದು, ಎಷ್ಟು ದುಡ್ಡು ಬಂತು, ಎಲ್ಲ ಬರೆಯಿರಿ. ಆ ಅಕ್ಕ ಈಗ ಹಾಗೆಯೇ ಬರೆಯುತ್ತಿದ್ದಾರೆ. ಲಸಿಕೆ ಹಾಕಿಸಿದ ಮೇಲೆ, ಗಾಯ ಮಾಗಿದ ಮೇಲೆ, ಅದೇ ಮನೆಯ ಅದೇ ನಾಯಿಗೆ ಗೇಟಿನ ಆಚೆ ನಿಂತು ಚೂರು ಹಾಕುವುದರಿಂದ ಶುರು ಮಾಡಿದರು. ಕಚ್ಚಿದ ನಾಯಿ ಬೇಡ ಎಂದು ನಾವು ಹೇಳಿದ್ದೆವು, ಕೇಳಲಿಲ್ಲ. ಅವರ ಪುಸ್ತಕದ ಮೊದಲ ಪುಟದಲ್ಲಿ ಹೀಗಿದೆ: "ಸೋಮವಾರ. ದೂರದಿಂದ ಹಾಕಿದೆ. ತಿಂದಿತು. ಬೊಗಳಲಿಲ್ಲ."